ರೂಸ್‌ವೆಲ್ಟ್ ರೇಡಿಯೋದಲ್ಲಿ ಹೇಳಿದ್ದು, ಹೇಳದೆ ಬಿಟ್ಟಿದ್ದು

12 ಏಪ್ರಿಲ್ 2025, ಶನಿವಾರ

ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ತೀರಿಹೋಗಿ ಇವತ್ತಿಗೆ 80 ವರ್ಷ. ಬೆಳಗ್ಗೆಯಿಂದ ಅವರ ರೇಡಿಯೋ ಮಾತುಗಳನ್ನೇ ಕೇಳುತ್ತಿದ್ದೇನೆ.

1933ರ ಮಾರ್ಚ್ 12ರ ಮಾತು ನನಗೆ ತುಂಬಾ ಇಷ್ಟ. ಅಧಿಕಾರಕ್ಕೆ ಬಂದು ಎಂಟೇ ದಿನ. ಅಮೆರಿಕದಲ್ಲಿ ದುಡಿಯುವ ನಾಲ್ಕು ಜನಕ್ಕೆ ಒಬ್ಬರಂತೆ ಕೆಲಸ ಕಳೆದುಕೊಂಡಿದ್ದರು. ಸಾವಿರಾರು ಬ್ಯಾಂಕುಗಳು ಮುಳುಗಿದ್ದವು, ಉಳಿದವನ್ನು ಸರ್ಕಾರವೇ ಕೆಲವು ದಿನ ಮುಚ್ಚಿಸಿತ್ತು. ಅಂಥ ಹೊತ್ತಲ್ಲಿ ಮೈಕ್ ಮುಂದೆ ಕೂತು, ನೀವು ಕಟ್ಟಿದ ದುಡ್ಡನ್ನು ಬ್ಯಾಂಕು ಏನು ಮಾಡುತ್ತದೆ, ಎಲ್ಲರೂ ಒಟ್ಟಿಗೆ ಬಂದು ಕೇಳಿದರೆ ಯಾಕೆ ಕೊಡಲಾಗುವುದಿಲ್ಲ ಅಂತ ನಿಧಾನವಾಗಿ ಬಿಡಿಸಿ ಹೇಳುತ್ತಾರೆ. ಹಾಸಿಗೆ ಕೆಳಗಿಡುವುದಕ್ಕಿಂತ ಮತ್ತೆ ತೆರೆದ ಬ್ಯಾಂಕಿನಲ್ಲಿಡುವುದೇ ಕ್ಷೇಮ ಅನ್ನುತ್ತಾರೆ. ಮರುದಿನ ಜನ ಸಾಲು ನಿಂತು ದುಡ್ಡು ವಾಪಸ್ ಕಟ್ಟಿದರು! ಭಯದಲ್ಲಿರುವ ಜನರಿಗೆ ಗೌರವ ಕೊಟ್ಟು ಮಾತಾಡುವುದು ಅಂದ್ರೆ ಇದೇ ಅಲ್ವಾ?

1935ರಲ್ಲಿ ಸಾಮಾಜಿಕ ಭದ್ರತಾ ಕಾಯ್ದೆ ಬಂತು. ವಯಸ್ಸಾದವರಿಗೆ ಪಿಂಚಣಿ, ಕೆಲಸ ಹೋದವರಿಗೆ ನೆರವು. ಆದರೆ ಹೊಲದಲ್ಲಿ ದುಡಿಯುವವರನ್ನು, ಮನೆಗೆಲಸದವರನ್ನು ಹೊರಗಿಟ್ಟರು. ದಕ್ಷಿಣದ ಕಪ್ಪು ಜನರಲ್ಲಿ ಜಾಸ್ತಿ ಮಂದಿ ಅದೇ ಕೆಲಸದಲ್ಲಿದ್ದರು. ಯುದ್ಧ ಸಾಮಗ್ರಿ ಕಾರ್ಖಾನೆಗಳಲ್ಲಿ ಬಣ್ಣ ನೋಡಿ ಕೆಲಸ ನಿರಾಕರಿಸಬಾರದು ಅನ್ನುವ ಆದೇಶ 1941ರಲ್ಲಿ ಹೊರಟಿತು. ಅದೂ ಸುಮ್ನೆ ಬರಲಿಲ್ಲ. ಕಪ್ಪು ಜನರ ಕಾರ್ಮಿಕ ನಾಯಕ ಎ. ಫಿಲಿಪ್ ರ‍್ಯಾಂಡಾಲ್ಫ್ ವಾಷಿಂಗ್ಟನ್‌ಗೆ ಮೆರವಣಿಗೆ ತರುತ್ತೇನೆ ಅಂದ ಮೇಲೆ ಬಂತು.

ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದ ಮೇಲೆ, 1942ರ ಫೆಬ್ರವರಿ 23ರಂದು, ಪ್ರಪಂಚದ ನಕಾಶೆ ಎದುರಿಗಿಟ್ಟುಕೊಂಡು ನನ್ನ ಮಾತು ಕೇಳಿ ಅಂತ ಮೊದಲೇ ತಿಳಿಸಿದ್ದರು. ಯುದ್ಧ ಎಲ್ಲೆಲ್ಲಿ ನಡೆಯುತ್ತಿದೆ, ಹಡಗುಗಳು ಎಷ್ಟು ದೂರ ಹೋಗಬೇಕು, ಎಲ್ಲ ವಿವರಿಸಿದರು. ಸೋಲನ್ನೂ ಮುಚ್ಚಿಡಲಿಲ್ಲ. ಕೇಳಿದರೆ ಈಗಲೂ ಮನಸ್ಸಿಗೆ ಧೈರ್ಯ ಬರುತ್ತದೆ.

ಆದರೆ ಅದಕ್ಕೆ ನಾಲ್ಕು ದಿನ ಮೊದಲು ಅವರು 9066ನೇ ಆದೇಶಕ್ಕೆ ಸಹಿ ಹಾಕಿದ್ದರು. ಅದರ ಬಲದಿಂದ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆ, ಅಂಗಡಿ, ಹೊಲ ಬಿಡಿಸಿ ಬಂಧನ ಶಿಬಿರಗಳಿಗೆ ತಳ್ಳಿದರು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ನಕಾಶೆಯ ಮಾತಿನಲ್ಲಿ ಅವರ ಸುದ್ದಿಯೇ ಇಲ್ಲ. ಬ್ಯಾಂಕಿನ ಭಯ ಬಿಡಿಸಿದವರು ಜಪಾನಿ ಮೂಲದವರ ಬಗ್ಗೆ ಜನರಿಗಿದ್ದ ಭಯವನ್ನೂ ಬಿಡಿಸಬಹುದಿತ್ತು. ಇವರು ನಮ್ಮವರೇ ಅಂತ ರೇಡಿಯೋದಲ್ಲಿ ಹೇಳಿದ್ದರೆ ದೇಶ ಕೇಳುತ್ತಿತ್ತು ಅಂತಲೇ ನನಗನ್ನಿಸುತ್ತದೆ. ಅವರನ್ನು ಅಷ್ಟು ಮೆಚ್ಚುವ ನನಗೆ ಇದನ್ನು ಕ್ಷಮಿಸಲು ಆಗುತ್ತಿಲ್ಲ. 1988ರಲ್ಲಿ ಸರ್ಕಾರ ಕ್ಷಮೆ ಕೇಳಿ, ಬದುಕುಳಿದಿದ್ದವರಿಗೆ ತಲಾ 20,000 ಡಾಲರ್ ಪರಿಹಾರ ಕೊಡಲು ಕಾನೂನು ಮಾಡಿತು.