ತಾರ್ಲೆ ಕಡಿಮೆಯಾದರೆ ಸಮುದ್ರ ಸುಧಾರಿಸಿದಂತೆಯೇ?

ಬೆಳಗಾವಿಗೆ ಸಮುದ್ರವಿಲ್ಲ, ಆದರೂ ಗೋವಾ, ಕಾರವಾರ, ಮಾಲವಣಗಳ ಮೀನು ಘಟ್ಟ ಹತ್ತಿ ಕ್ಯಾಂಪಿನ ಮೀನು ಪೇಟೆಗೆ ಬರುತ್ತದೆ. ಭಾನುವಾರ ಬಾಂಗಡಾ ಕೊಳ್ಳುವಾಗ ಒಂದು ಕಿಲೋಗೆ ಎಷ್ಟು ತೂಗಿದವೆಂದು ಎಣಿಸುವುದು ನನ್ನ ಹಲವು ವರ್ಷಗಳ ರೂಢಿ. ಆರು ತೂಗುತ್ತಿದ್ದಲ್ಲಿ ಹನ್ನೆರಡು ತೂಗಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಆದರೆ ವ್ಯಾಪಾರಿ ದೊಡ್ಡ ಮೀನನ್ನು ಬೇರೆ ಊರಿಗೆ ಕಳಿಸಿದ್ದರೂ ಹೀಗೆಯೇ ಆಗುತ್ತದೆ. ಮೀನುಗಾರಿಕೆಯನ್ನು ನಿಯಂತ್ರಿಸುವವರು ಪರಿಸರದ ಸೂಚಕವೊಂದನ್ನು ಆರಿಸುವಾಗ ಎದುರಾಗುವ ತೊಡಕೂ ಇದೇ: ಅಂಕಿ ಬದಲಾದಾಗ ಬದಲಾದದ್ದು ಸಮುದ್ರವೋ, ಬಲೆಯೋ, ಪೇಟೆಯೋ?

1998ರಲ್ಲಿ ಮೀನುಗಾರಿಕೆ ವಿಜ್ಞಾನಿ ಡೇನಿಯಲ್ ಪೌಲಿ ಮತ್ತು ಸಂಗಡಿಗರು, ಜಗತ್ತಿನಲ್ಲಿ ಹಿಡಿದ ಮೀನುಗಳ ಸರಾಸರಿ ಆಹಾರಸ್ತರ, ಅಂದರೆ ಯಾವುದು ಯಾವುದನ್ನು ತಿನ್ನುತ್ತದೆಂಬ ಸರಪಳಿಯಲ್ಲಿ ಅವು ನಿಂತ ಮೆಟ್ಟಿಲು, 1950ರಿಂದ ಇಳಿಯುತ್ತಾ ಬಂದಿದೆ ಎಂದು ತೋರಿಸಿದರು. ಇತರ ಮೀನುಗಳನ್ನು ತಿನ್ನುವ ದೊಡ್ಡ ಜಾತಿಗಳು ಮೊದಲು ಕರಗಿ, ಬಲೆ ಕ್ರಮೇಣ ಕೆಳಗಿನ ಸ್ತರಗಳಿಗೆ ಇಳಿಯುತ್ತಿದೆ ಎಂಬುದು ಅವರ ವಾದ. ಆ ಸರಾಸರಿ ಅಂತರರಾಷ್ಟ್ರೀಯ ಸೂಚಕವೂ ಆಯಿತು. ಹಿಡಿದ ಮೀನಿನ ಸರಾಸರಿಯು ನೀರಿನಲ್ಲಿ ಉಳಿದ ಮೀನಿನ ಸ್ಥಿತಿಯನ್ನು ಎಷ್ಟೋ ಕಡೆ ತೋರಿಸುವುದಿಲ್ಲವೆಂದು 2010ರಲ್ಲಿ ಟ್ರೆವರ್ ಬ್ರಾಂಚ್ ಮತ್ತಿತರರು ಆಕ್ಷೇಪಿಸಿದರು.

ನಮ್ಮ ಪಶ್ಚಿಮ ಕರಾವಳಿಗೆ ಈ ಆಕ್ಷೇಪ ಚೆನ್ನಾಗಿ ಒಪ್ಪುತ್ತದೆ. ಮಂಗಳೂರಿನವರು ಬೂತಾಯಿ ಎನ್ನುವ, ಇಲ್ಲಿ ತಾರ್ಲೆ ಎಂದು ಮಾರುವ ಮೀನು ಸೂಕ್ಷ್ಮ ಸಸ್ಯಜೀವಿಗಳನ್ನು ತಿಂದು ಬದುಕುವ ಕೆಳಸ್ತರದ್ದು. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಈ ಮೀನು 2021ರಲ್ಲಿ 3,297 ಟನ್ನಿಗೆ ಕುಸಿಯಿತು. ಎಲ್ ನಿನೋದಿಂದ (ಪೆಸಿಫಿಕ್ ಸಾಗರ ಆಗಾಗ ಬಿಸಿಯೇರುವ ವಿದ್ಯಮಾನ) ಬಿಸಿಯಾದ ನೀರು, ಅದಕ್ಕೂ ಹಿಂದಿನ ವರ್ಷಗಳ ಅತಿಯಾದ ಹಿಡಿತ, ಎರಡನ್ನೂ ವಿಜ್ಞಾನಿಗಳು ಕಾರಣವೆಂದಿದ್ದಾರೆ. ತಾರ್ಲೆ ಹೇರಳವಾದ ವರ್ಷ ಸರಾಸರಿ ಸ್ತರ ಇಳಿಯುತ್ತದೆ. ತಾರ್ಲೆಯೇ ಇಲ್ಲವಾದ ವರ್ಷ ಏರುತ್ತದೆ. ಮೀನುಗಾರನ ಮನೆಯಲ್ಲಿ ಒಲೆ ಉರಿಯದ ವರ್ಷವನ್ನು ಸೂಚಕವು ಸುಧಾರಣೆಯೆಂದು ಬರೆದುಕೊಳ್ಳುತ್ತದೆ. ಸಸ್ಯಗಳನ್ನು 1 ಎಂದು ಹಿಡಿದು ಎಣಿಸುವ ಈ ಸ್ತರಗಳಲ್ಲಿ 3.25ಕ್ಕಿಂತ ಕೆಳಗಿನ ಮೀನುಗಳನ್ನು ಲೆಕ್ಕದಿಂದ ಬಿಡುವ ತಿದ್ದುಪಡಿಯೊಂದು ಇದೆಯಾದರೂ, ನಮ್ಮ ಕಡಲಿನಲ್ಲಿ ಹಾಗೆ ಮಾಡುವುದೆಂದರೆ ಬಡವರ ಊಟದ ಮೀನನ್ನೇ ಲೆಕ್ಕದಿಂದ ತೆಗೆದಂತೆ.

ಯುರೋಪಿನ ಉತ್ತರ ಸಮುದ್ರದಲ್ಲಿ ಇನ್ನೊಂದು ಸೂಚಕವಿದೆ: ಸಮೀಕ್ಷಾ ಹಡಗುಗಳು ಹಿಡಿದ ತಳಮೀನುಗಳ ತೂಕದಲ್ಲಿ 40 ಸೆಂ.ಮೀ. ಮೀರಿದವುಗಳ ಪಾಲನ್ನು ನೋಡುತ್ತಾರೆ. ಮೀನುಗಾರರ ಆಯ್ಕೆಗೆ ಅಲ್ಲಿ ಜಾಗವಿಲ್ಲದಿರುವುದು ಅದರ ಬಲ. ಆದರೆ ಆ 40 ಸೆಂ.ಮೀ. ಇಲ್ಲಿ ನಡೆಯದು; ಬಾಂಗಡಾ ಸಾಮಾನ್ಯವಾಗಿ 25 ಸೆಂ.ಮೀ. ಆಸುಪಾಸಿನಲ್ಲೇ ನಿಲ್ಲುತ್ತದೆ.

ನನಗೆ ಹೆಚ್ಚು ಒಪ್ಪಿಗೆಯಾಗುವುದು ಮೀನು ವಿಜ್ಞಾನಿ ರಾಯಿನರ್ ಫ್ರೋಸೆ 2004ರಲ್ಲಿ ಮುಂದಿಟ್ಟ ಉದ್ದದ ಲೆಕ್ಕ: ಹಿಡಿದವುಗಳಲ್ಲಿ ಒಮ್ಮೆಯಾದರೂ ಮೊಟ್ಟೆಯಿಡುವ ಪ್ರಾಯ ತಲುಪಿದವು ಎಷ್ಟು, ಅತ್ಯುತ್ತಮ ಇಳುವರಿ ಕೊಡುವ ಉದ್ದದವು ಎಷ್ಟು, ಬಹಳ ದೊಡ್ಡ ತಾಯಿಮೀನುಗಳು ಎಷ್ಟು. ಇದನ್ನು ಅಳೆಯಲು ಒಂದು ಅಳತೆಪಟ್ಟಿ ಸಾಕು. ಏಕೆ ಅಳೆಯುತ್ತೇವೆಂಬುದು ದೋಣಿಯವನಿಗೆ ತಕ್ಷಣ ಅರ್ಥವಾಗುತ್ತದೆ. ಕೇರಳ ತಾರ್ಲೆಗೆ 10, ಬಾಂಗಡಾಕ್ಕೆ 14 ಸೆಂ.ಮೀ. ಕನಿಷ್ಠ ಉದ್ದವನ್ನು ಕಾನೂನಿನಲ್ಲಿ ತಂದಿರುವುದರಿಂದ ಅಂಕಿಯಿಂದ ಕ್ರಮಕ್ಕೆ ದಾರಿಯೂ ಹತ್ತಿರ. ಆದರೆ ಒಂದು ಷರತ್ತಿದೆ: ಹೊಸ ಮರಿಗಳು ಹೇರಳವಾಗಿ ಬಂದ ಒಳ್ಳೆಯ ವರ್ಷದಲ್ಲೂ ಸರಾಸರಿ ಉದ್ದ ಇಳಿಯುತ್ತದೆ. ಆದ್ದರಿಂದ ಬಂದರಿನಲ್ಲಿ, ಬುಟ್ಟಿಗಳನ್ನು ವಿಂಗಡಿಸುವ ಮೊದಲೇ ಉದ್ದವನ್ನು ಅಳೆದು, ಬಲೆಯ ಕಣ್ಣಿನ ಗಾತ್ರ, ಕಡಲಲ್ಲಿ ಕಳೆದ ಗಂಟೆಗಳು ಮತ್ತು ನೀರಿನ ಉಷ್ಣತೆಯನ್ನು ಅದೇ ಹಾಳೆಯಲ್ಲಿ ಬರೆದಿಡಬೇಕು. ನನ್ನ ಭಾನುವಾರದ ಎಣಿಕೆಯಲ್ಲಿ ಈ ಮೂರೂ ಇಲ್ಲ.