ಹತ್ತು ಸಾವಿರದ ಫ್ಲೈ ಲೈನು ತುಂಗೆಗೆ ಬೇಕಾ?

ಫ್ಲೈ ಫಿಶಿಂಗ್ ಶುರು ಮಾಡ್ಬೇಕು ಅಂತಿರೋರು ಎಲ್ರೂ ಕೇಳೋದು ರಾಡ್ ಯಾವ್ದು ತಗೊಳ್ಲಿ ಅಂತ, ಲೈನ್ ವಿಷ್ಯ ಯಾರೂ ಎತ್ತೋದೇ ಇಲ್ಲ. ಆದ್ರೆ ಇದ್ರಲ್ಲಿ ನಾವು ಬೀಸೋದೇ ಲೈನ್‌ನ ಮಾರಾಯ್ರೆ. ಎರೆಹುಳ ಸಿಕ್ಸಿ ಸೀಸ ಕಟ್ಟಿದ ಗಾಳದಲ್ಲಿ ಭಾರ ತುದೀಲಿರುತ್ತೆ, ಇಲ್ಲಿ ಗರಿ ಕೂದ್ಲು ಸುತ್ತಿ ಹುಳದ ಥರ ಮಾಡಿರೋ ಕೊಕ್ಕೆಗೆ, ಅಂದ್ರೆ ಫ್ಲೈಗೆ, ತೂಕಾನೇ ಇಲ್ಲ, ಹಾಗಾಗಿ ಲೈನೇ ಭಾರ ಇರ್ಬೇಕು.

ಈಗ ದುಡ್ಡಿನ ಮಾತು. ಆನ್‌ಲೈನಲ್ಲಿ ಒಂದೂವರೆ ಎರಡು ಸಾವಿರಕ್ಕೂ ಲೈನ್ ಸಿಗುತ್ತೆ, ಹೆಸ್ರಿರೋ ಅಮೆರಿಕದ ಲೈನಾದ್ರೆ ಅಲ್ಲೇ ನೂರು ಡಾಲರ್ ದಾಟಿರುತ್ತೆ, ಕಸ್ಟಮ್ಸು ಕೊರಿಯರ್ರು ಸೇರಿ ಇಲ್ಲಿಗೆ ಬರೋವಾಗ ಹತ್ತು ಸಾವಿರದ ಮೇಲೆ. ಒಳಗೆ ಎರಡ್ರಲ್ಲೂ ಹೆಚ್ಚಾಗಿ ಇರೋದು ನೈಲಾನ್ ಕೋರು, ಅದ್ರ ಮೇಲೆ ಸಾಮಾನ್ಯವಾಗಿ ಪಿವಿಸಿ ಕೋಟಿಂಗು, ತೇಲ್ಲಿ ಅಂತ ಅದ್ರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಗುಳ್ಳೆಗಳು. ದುಬಾರಿದ್ರಲ್ಲಿ ಕೋಟಿಂಗ್ ನುಣುಪು ಜಾಸ್ತಿ, ಗೈಡಲ್ಲಿ (ರಾಡ್ ಮೇಲೆ ಲೈನ್ ಹಾಯೋ ಬಳೆ) ಸರ್‍ರಂತ ಜಾರುತ್ತೆ, ಟೇಪರ್, ಅಂದ್ರೆ ತುದಿ ಕಡೆಗೆ ಸಣ್ಣಗಾಗೋ ಆಕಾರ, ನೀಟಾಗಿರುತ್ತೆ, ತುದಿ ಬೇಗ ಮುಳುಗಲ್ಲ. ಅದೆಲ್ಲ ನಿಜಾನೇ.

ಆದ್ರೆ ಆ ಲೈನ್‌ಗಳಲ್ಲಿ ತುಂಬಾ ಮಾಡಿರೋದು ಟ್ರೌಟ್ ಮೀನಿಗೆ, ಅಂದ್ರೆ ಐಸಿನಂಥ ನೀರಿಗೆ, ಆ ಚಳೀಲೂ ಮೆತ್ತಗಿರ್ಲಿ ಅಂತಾನೇ ಕೋಟಿಂಗ್ ಮಾಡಿರ್ತಾರೆ. ಅದನ್ನ ಏಪ್ರಿಲ್‌ನಲ್ಲಿ ಗಾಜನೂರು ಹಿನ್ನೀರಿಗೆ ತಂದು ಬಿಸಿಲಲ್ಲಿ ನಿಂತ್ರೆ ಬೆಂದ ಶಾವಿಗೆ ಥರ ಆಗುತ್ತೆ, ಗೈಡ್‌ಗೆ ಅಂಟ್ಕೊಳ್ಳುತ್ತೆ, ಕೊಟ್ಟ ದುಡ್ಡಿನ ನುಣುಪೆಲ್ಲ ಅಲ್ಲಿಗೆ ಮುಗೀತು. ಬೇಸಿಗೆಗೆ ಬೇಕಾಗಿರೋದು ಟ್ರಾಪಿಕಲ್ ಅಂತ ಬರ್ದಿರೋ ಗಟ್ಟಿ ಲೈನು. ಅಗ್ಗದಲ್ಲಿ ಅಂಥದ್ದು ಸಿಗೋದು ಕಷ್ಟ, ದುಡ್ಡು ಬಿಚ್ಲೇಬೇಕಾದ ಜಾಗ ಅದೊಂದೇ ಅಂತ ನನ್ನ ಲೆಕ್ಕ. ಅದೇ ಟ್ರಾಪಿಕಲ್ ಲೈನ್‌ನ ಡಿಸೆಂಬರ್ ಬೆಳಿಗ್ಗೆ ತೀರ್ಥಹಳ್ಳಿ ಕಡೆ ಮಂಜಲ್ಲಿ ತೆಗೀರಿ, ಸ್ಪ್ರಿಂಗ್ ಥರ ಸುರುಳಿ ಸುರುಳಿಯಾಗೇ ಬರುತ್ತೆ, ಎಷ್ಟು ಎಳೆದ್ರೂ ನೆಟ್ಟಗಾಗಲ್ಲ. ಆಗ ಎರಡು ಸಾವಿರದ್ದೇ ವಾಸಿ!

ತೂಕದ ಕಥೆ ಇನ್ನೊಂದು. ಲೈನ್‌ಗೆ ತೂಕ ನೋಡಿ ನಂಬರ್ ಕೊಡ್ತಾರೆ, 6 ನಂಬರ್ ಲೈನ್ ಅಂದ್ರೆ ಮೊದಲ 30 ಅಡಿ 160 ಗ್ರೇನ್ ಇರ್ಬೇಕು ಅನ್ನೋದು ಸ್ಟ್ಯಾಂಡರ್ಡು, ನಮ್ಮ ಲೆಕ್ಕದಲ್ಲಿ ಸುಮಾರು 10.4 ಗ್ರಾಂ. ಡೌಟಿದ್ರೆ ಶಿವಮೊಗ್ಗದ ಗಾಂಧಿ ಬಜಾರಲ್ಲಿ ಯಾರಾದ್ರೂ ಪರಿಚಯದ ಚಿನ್ನದಂಗಡಿಯವ್ರ ತಕ್ಕಡೀಲಿ ತೂಗಿಸಿ ನೋಡಿ, ತುದೀಲಿರೋ ಒಂದೇ ದಪ್ಪದ ತುಂಡು ಲೆಕ್ಕಕ್ಕಿಲ್ಲ, ಅದನ್ನ ಬಿಟ್ಟು ಅಳೀಬೇಕು. (ನಗ್ತಾರೆ, ನಗ್ಲಿ ಬಿಡಿ.) ಅಗ್ಗದ್ದು ಮಾತ್ರ ತಪ್ಪುತ್ತೆ ಅನ್ಕೋಬೇಡಿ. ದೊಡ್ಡ ಕಂಪನಿಯೋರೇ ಈಗಿನ ಸ್ಟಿಫ್ ರಾಡು ಚೆನ್ನಾಗಿ ಬಗ್ಗಲಿ ಅಂತ ಬೇಕಂತ್ಲೇ ಅರ್ಧ ಒಂದು ಸೈಜು ಜಾಸ್ತಿ ತೂಕ ಇಟ್ಟು 6 ಅಂತಾನೇ ಮಾರ್ತಾರೆ, ಬಾಕ್ಸ್ ಮೇಲೆ ಗ್ರೇನ್ ಬರ್ದಿರುತ್ತೆ, ಅದನ್ನ ಓದಿ.

ಕಲಿಯೋರಿಗಂತೂ ಅಗ್ಗದ್ದೇ ಸಾಕು. ತುಂಗೆ ಬಂಡೆ ಮೇಲೆ ಉಜ್ಜಿ, ಕಾಲಡಿ ತುಳಿದು, ದಡದ ಮುಳ್ಳಿಗೆ ಸಿಕ್ಸಿ ಮೊದಲ್ನೇ ಲೈನ್ ಹಾಳಾಗೋದೇ, ಅದಕ್ಕೆ ಎಂತಕ್ಕೆ ಹತ್ತು ಸಾವಿರ? ಸಾಧ್ಯ ಆದ್ರೆ ಡಬಲ್ ಟೇಪರ್ ನೋಡಿ, ಎರಡೂ ತುದಿ ಒಂದೇ ಥರ ಇರೋದ್ರಿಂದ ಒಂದು ಕಡೆ ಸವೆದ್ರೆ ತಿರುಗ್ಸಿ ರೀಲಿಗೆ ಸುತ್ಕೊಬೋದು. ದೂರ ಎಸೀಬೇಕಂದ್ರೆ ಮಾತ್ರ ವೆಯ್ಟ್ ಫಾರ್ವರ್ಡ್, ಅಂದ್ರೆ ಭಾರ ಮುಂದಿನ ಕಡೆಗಿರೋದು.

ಬೆಲೆ ಎಷ್ಟೇ ಇರ್ಲಿ, ಸೋಪಿನ ನೀರಲ್ಲಿ ಒರೆಸಿಟ್ರೆ ಬಾಳಿಕೆ ಬರುತ್ತೆ, ಬಿಸಿಲಲ್ಲಿ ನಿಂತ ಕಾರೊಳಗೆ ಬಿಡ್ಬೇಡಿ. ಉಂಬಳಕ್ಕೆ ಸೊಳ್ಳೆಗೆ ಅಂತ ಡೀಟ್ ಇರೋ ಕ್ರೀಮ್ ಹಚ್ಕೊಂಡ ಕೈಯಲ್ಲಿ ಲೈನ್ ಮುಟ್ಟಲೇಬೇಡಿ, ಅದು ಪ್ಲಾಸ್ಟಿಕ್ ಕರಗಿಸುತ್ತೆ, ಕೋಟಿಂಗ್ ಬಿರುಕು ಬಿಡುತ್ತೆ. ನಾನಂತೂ ಕಾಲಿಗೆ ಸುಣ್ಣ ತಂಬಾಕೇ ಹಚ್ಚೋದು. ಮತ್ತೆ ಚಿಬ್ಬಲಗುಡ್ಡೆ ಮತ್ಸ್ಯಧಾಮದ ಹತ್ರ, ಶೃಂಗೇರಿ ಮಠದ ಮೆಟ್ಲ ಹತ್ರ ಆ ದೊಡ್ಡ ಮೀನುಗಳನ್ನ ನೋಡಿ ಕೈ ತುರಿಸಿದ್ರೂ ರಾಡ್ ಬಿಚ್ಬೇಡಿ, ಅಲ್ಲಿ ಮೀನು ಹಿಡಿಯೋ ಹಾಗಿಲ್ಲ, ಮಂಡಕ್ಕಿ ಹಾಕಿ ಬನ್ನಿ.