ಪುಟ್ಟನ ಬಲಗೈ, ನಾಡಕಚೇರಿಯ 19 ಮೆಟ್ಟಿಲು

ನಮ್ಮ ಹೋಬಳಿಯ ನಾಡಕಚೇರಿ ಇರುವುದು ಮಹಡಿ ಮೇಲೆ. 19 ಮೆಟ್ಟಿಲು. ಹತ್ತುವಾಗ ಕಂಬಿ ಸಿಗುವುದು ಬಲಗಡೆ. ನನ್ನ ತಮ್ಮ ಪುಟ್ಟನಿಗೆ ಸೆರೆಬ್ರಲ್ ಪಾಲ್ಸಿ. ಹುಟ್ಟಿದಾಗಿನಿಂದ ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಬಲಗೈ ಯಾವಾಗಲೂ ಮುಷ್ಟಿ ಕಟ್ಟಿಕೊಂಡೇ ಇರುತ್ತದೆ, ಕಂಬಿ ಹಿಡಿಯೋಕೆ ಬರಲ್ಲ. ಅದಕ್ಕೇ ಅವನು ರಸ್ತೆ ಕಡೆಗೆ ಮುಖ ಮಾಡಿ, ಎಡಗೈಯಲ್ಲಿ ಕಂಬಿ ಹಿಡಿದು, ಹಿಮ್ಮುಖವಾಗಿ ಒಂದೊಂದೇ ಮೆಟ್ಟಿಲು ಹತ್ತುತ್ತಾನೆ. ನಾನು ಎರಡು ಮೆಟ್ಟಿಲು ಕೆಳಗೆ ನಿಂತಿರುತ್ತೇನೆ.

ಅಪ್ಪ ಇರುವವರೆಗೂ ಅಂಗವಿಕಲ ವೇತನದ ಮಾತೆತ್ತಲು ಬಿಡಲಿಲ್ಲ. 'ನಾನಿದ್ದೀನಲ್ಲ' ಅನ್ನುತ್ತಿದ್ದರು. ಹೋದ ಆಷಾಢದಲ್ಲಿ ಅಪ್ಪ ಹೋದರು. ತಿಥಿ ಮುಗಿದ ಮೇಲೆ ಅಮ್ಮನೇ ಟ್ರಂಕಿನಿಂದ ಪುಟ್ಟನ ಹಳೇ ಪ್ರಮಾಣಪತ್ರ ತೆಗೆದು ನನ್ನ ಕೈಗಿಟ್ಟಳು. 2009ರಲ್ಲಿ ಶಾಲೆಗೆಂದು ಮಾಡಿಸಿದ್ದು, ಲ್ಯಾಮಿನೇಶನ್ ಅಂಚು ಹಳದಿಗಟ್ಟಿತ್ತು.

ಮೊದಲ ದಿನ ಬಸ್ಸಿನಲ್ಲಿ ನನಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್, ಪುಟ್ಟನಿಗೆ ಕಾಸಿನ ಟಿಕೆಟ್. ಕೌಂಟರಿನಲ್ಲಿದ್ದವರು ಹಳೇ ಕಾಗದ ನೋಡಿ, 'ಇದು ನಡೆಯಲ್ಲಮ್ಮ, ಯುಡಿಐಡಿ ಕಾರ್ಡ್ ತನ್ನಿ' ಎಂದರು. ಯುಡಿಐಡಿ ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡು. 2021ರ ಜೂನ್ 1ರಿಂದ ವೈಕಲ್ಯದ ಪ್ರಮಾಣಪತ್ರವನ್ನು ಯುಡಿಐಡಿ ಪೋರ್ಟಲ್‌ನಲ್ಲೇ ಕೊಡಬೇಕು ಅನ್ನುವ ನಿಯಮ ಬಂದಿದೆ ಎಂದು ನನಗೆ ಆಮೇಲೆ ತಿಳಿಯಿತು. ಅದಕ್ಕೆ ಹೋದರೆ ಆಧಾರ್‌ಗೆ ಮೊಬೈಲ್ ನಂಬರ್ ಜೋಡಿಸಿಲ್ಲ, ಒಟಿಪಿ ಬರಲ್ಲ. ಚಿಕ್ಕಂದಿನಲ್ಲಿ ಮಾಡಿಸಿದ ಆಧಾರ್, 15 ತುಂಬಿದಾಗ ಬೆರಳಚ್ಚು ಹೊಸದಾಗಿ ಕೊಡಬೇಕಿತ್ತು, ಕೊಟ್ಟಿಲ್ಲ. ಅವನಿಗೀಗ 24. ಹೀಗೆ ವೇತನಕ್ಕೆಂದು ಹೋದವರು ಆಧಾರ್ ಮುಂದೆ ಬಂದು ನಿಂತೆವು.

ಆಧಾರ್ ಕೌಂಟರೂ ಅದೇ ಮಹಡಿಯಲ್ಲಿ. ಎಡಗೈ ನಾಲ್ಕು ಬೆರಳು ಇಟ್ಟ, ಹಸಿರು ದೀಪ ಬಂತು. ಬಲಗೈಗೆ ಬಂದಾಗ ಆಪರೇಟರ್ ಹುಡುಗ 'ಬೆರಳು ಬಿಡಿಸು, ಬಿಡಿಸು' ಎಂದು ಪುಟ್ಟನ ಮುಷ್ಟಿ ಹಿಡಿದು ಎಳೆದ. ಎಳೆದಷ್ಟೂ ಮುಷ್ಟಿ ಬಿಗಿಯಾಯಿತು. ಪುಟ್ಟನ ಕತ್ತಿನ ನರ ಉಬ್ಬಿತು, ಕಾಲೂ ನಡುಗತೊಡಗಿತು. ಹಿಂದೆ ಸಾಲಿನಲ್ಲಿದ್ದವರು ಬಗ್ಗಿ ನೋಡುತ್ತಿದ್ದರು. ನಾನು ಆ ಹುಡುಗನ ಕೈ ಹಿಡಿದು ನಿಲ್ಲಿಸಿದೆ. 'ಎಳೀಬೇಡಪ್ಪ, ನಾನು ತೋರಿಸ್ತೀನಿ.'

ಉಗುರು ಕತ್ತರಿಸುವಾಗ ಅಮ್ಮ ಮಾಡುವುದು ಇಷ್ಟೇ. ಬೆರಳು ಮುಟ್ಟುವುದಿಲ್ಲ. ಮೊಣಕೈಗೆ ಆಸರೆ ಕೊಟ್ಟು ಮಣಿಕಟ್ಟನ್ನು ಮೆಲ್ಲಗೆ ಅಂಗೈ ಕಡೆಗೆ ಬಗ್ಗಿಸುತ್ತಾಳೆ. ಮಣಿಕಟ್ಟು ಬಗ್ಗಿದರೆ ಬೆರಳೆಳೆಯುವ ಸ್ನಾಯು ಸಡಿಲವಾಗುತ್ತದೆ, ಬೆರಳು ತಾವಾಗಿಯೇ ಬಿಡುತ್ತವೆ. ನಾನೂ ಹಾಗೇ ಮಾಡಿದೆ. ಮೊದಲು ಕಿರುಬೆರಳು, ಆಮೇಲೆ ಉಳಿದವು. ಒಳಗೆ ಅಂಗೈ ಮಗುವಿನ ಅಂಗೈ ಹಾಗೆ ಬೆಳ್ಳಗೆ, ಬೆವರಿನಿಂದ ತೇವ. ಸೆರಗಿನಲ್ಲಿ ಒರೆಸಿ ಗಾಜಿನ ಮೇಲಿಟ್ಟೆ. ಹೆಬ್ಬೆರಳು ಮಾತ್ರ ಬರಲೇ ಇಲ್ಲ. ಬೆರಳು ಇಡಲಾಗದವರಿಗೆ ವಿನಾಯಿತಿ ಕೊಟ್ಟು ಮುಂದುವರಿಯುವ ಅವಕಾಶ ಅದೇ ಸಾಫ್ಟ್‌ವೇರಿನಲ್ಲಿ ಇದೆ. ಅದನ್ನು ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪಕ್ಕದವರನ್ನು ಕೇಳಿ ಮಾಡಿದ. ಕೊನೆಗೆ ಪುಟ್ಟನಿಗೆ 'ಸಾರಿ ಅಣ್ಣ' ಅಂದ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಅಲ್ಲಿಂದ ಮುಂದೆ ದಾರಿ ತೋರಿಸಿದವರು ನಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರಿಗೆ ಪೋಲಿಯೋ, ಮೂರು ಚಕ್ರದ ಸ್ಕೂಟರಿನಲ್ಲಿ ಮನೆಗೇ ಬಂದರು. 'ಅಕ್ಕಾ, ಮೊದಲು ಯುಡಿಐಡಿ, ಆಮೇಲೆ ಆದಾಯ ಪ್ರಮಾಣಪತ್ರ, ಅದಾದ ಮೇಲೇ ವೇತನದ ಅರ್ಜಿ. ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಮ್ಯಾಪಿಂಗ್, ಅಂದ್ರೆ ದುಡ್ಡು ಬರೋಕೆ ಖಾತೆಗೆ ಆಧಾರ್ ಜೋಡಣೆ, ಆಗಿದೆಯಾ ಕೇಳಿ, ಇಲ್ಲದಿದ್ರೆ ಮಂಜೂರಾದ್ರೂ ದುಡ್ಡು ಬರಲ್ಲ' ಎಂದರು. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ನಾಡಕಚೇರಿಗೆ ಹೋಗುವ ಮೊದಲು ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಯಾರೆಂದು ಕೇಳಿ. ನಾವು ಕೇಳಲಿಲ್ಲ, ಎರಡು ತಿಂಗಳು ಹೋಯಿತು.

ಜಿಲ್ಲಾಸ್ಪತ್ರೆಯಲ್ಲಿ ವೈದ್ಯರು ಕೈಕಾಲು ಅಳೆದು, ನಡೆಸಿ ನೋಡಿ 60 ಪರ್ಸೆಂಟ್ ವೈಕಲ್ಯ ಎಂದು ಬರೆದರು. 40ರಿಂದ 80ರ ಒಳಗಿನವರಿಗೆ ಹಳದಿ ಪಟ್ಟಿಯ ಕಾರ್ಡು. 40 ದಾಟಿದರೆ ತಿಂಗಳಿಗೆ 800 ರೂಪಾಯಿ ವೇತನ, 75 ದಾಟಿದರೆ 1,400. ಗ್ರಾಮ ಲೆಕ್ಕಿಗರು ಮನೆಗೆ ಬಂದು ಪುಟ್ಟನನ್ನು ನೋಡಿ ವರದಿ ಬರೆದುಕೊಂಡು ಹೋದರು. ಮಂಜೂರಾತಿ ಆದೇಶ ಬಂದ ದಿನ ಅಮ್ಮ ಅದನ್ನು ಅಪ್ಪನ ಫೋಟೋ ಮುಂದಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಳು.

800 ರೂಪಾಯಿಯಲ್ಲಿ ಏನಾಗುತ್ತದೆ ಎಂದು ಕೇಳಿದವರಿದ್ದಾರೆ. ಪುಟ್ಟನ ಹೆಸರಿಗೆ ಬರುವ ಮೊದಲ ದುಡ್ಡು ಅದು. ಮೊದಲ ತಿಂಗಳು ಅಮ್ಮನಿಗೆ ಚಪ್ಪಲಿ ತಂದ.

ಈಗ ನನ್ನನ್ನು ಕಾಡುತ್ತಿರುವುದು ಆ ಮೆಟ್ಟಿಲು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಅದರ ನಿಯಮ ಹೊರಟ 5 ವರ್ಷದೊಳಗೆ, ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ ವಿಕಲಚೇತನರು ಓಡಾಡುವಂತೆ ಮಾಡಬೇಕು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ವೇತನದ ಅರ್ಜಿ ತಗೊಳ್ಳುವ ಕೌಂಟರ್ ಒಂದನ್ನಾದರೂ ಕೆಳಗೆ ಇಳಿಸಿ, ಅಲ್ಲಿಯವರೆಗೆ ಎಡಗಡೆ ಗೋಡೆಗೂ ಒಂದು ಕಂಬಿ ಹಾಕಿಸಿ ಎಂದು ತಹಶೀಲ್ದಾರರಿಗೆ ಮನವಿ ಬರೆದೆವು. ಬರೆದದ್ದು ನಾನು, ಸಹಿ ಪುಟ್ಟನದು. ಹೋದ ಸೋಮವಾರ ಕೊಟ್ಟು, ಇನ್ನೊಂದು ಪ್ರತಿಗೆ ಮೊಹರು, ತಾರೀಖು ಹಾಕಿಸಿಕೊಂಡು ಬಂದಿದ್ದೇವೆ.